ಹೆಬ್ಬಟ್ಟು ಮತ್ತು ಭಾಡಿಗಿ ಮನಿ



"ನೀ ಇತಿಹಾಸ ತಗೊಂಡು ಬಿ.ಎ. ಮಾಡಾಕತ್ತೀದಿ, ಸಂಚಿಕೆಗೆ ಏನರೆ ಬರೆದು ಕೊಡು" ಅಂತ ಮಂಡಳದ ಗೆಳೆಯರು ಹೇಳಿದರು. ರಾಜರ ಇತಿಹಾಸ ಬರೆಯುವವರು ಬಹಳ ಮಂದಿ ಇದ್ದಾರೆ. ನಾನು ನಮ್ಮ ಅಪ್ಪನ ಹೆಬ್ಬಟ್ಟಿನಿಂದ ಶುರು ಮಾಡುತ್ತೇನೆ.

ನನ್ನ ಕಾಲೇಜಿಗೂ ಅಪ್ಪನ ಹಮಾಲಿ ಕೆಲಸಕ್ಕೂ ಅನುಕೂಲ ಆಗಲಿ ಅಂತ ಹೋದ ವರ್ಷ ಸಾಂಗಲಿಯಲ್ಲಿ ಒಂದು ಖೋಲಿ ಹುಡುಕಿದೆವು. ಮೂರು ಕಡೆ ಖೋಲಿ ಖಾಲಿ ಇತ್ತು, ಭಾಡಿಗಿಯೂ ಹೊಂದುವಂತಿತ್ತು. "ಆಡನಾವ ಏನು?" ಅಂತ ಕೇಳಿದ ಮೇಲೆ ಒಬ್ಬರ ಮನೆಗೆ ಬೀಗರು ಬರುವವರಿದ್ದರು, ಇನ್ನೊಬ್ಬರಿಗೆ ರಿಪೇರಿ ಕೆಲಸ ನೆನಪಾಯಿತು, ಮೂರನೆಯವರು ಆಮೇಲೆ ಫೋನೇ ಎತ್ತಲಿಲ್ಲ. ನಾಲ್ಕನೆಯ ಮನೆಯ ಅಜ್ಜಿ ಹೆಸರು ಕೇಳಿ, ಚಹಾ ಕೊಟ್ಟು, ಯಾವಾಗ ಬರ್ತೀರಿ ಅಂದರು.

ಕರಾರು ಮಾಡಲು ಏಜೆಂಟ ಲ್ಯಾಪ್‌ಟಾಪ್, ಕ್ಯಾಮೆರಾ, ಹೆಬ್ಬಟ್ಟಿನ ಯಂತ್ರ ತಗೊಂಡು ಮನೆಗೇ ಬಂದ. "ಎಲ್ಲಾ ಬರೋಬರಿ ಐತ್ರಿ ಕಾಕಾ, ಹಚ್ರಿ" ಅಂದ. ಅಪ್ಪ ಹೆಬ್ಬಟ್ಟು ಮುಂದೆ ಮಾಡಿದ. "ತಡಿ ಯಪ್ಪಾ, ಓದ್ತೀನಿ" ಅಂದೆ. ಕರಡು ಮರಾಠಿಯಲ್ಲಿತ್ತು. ನಾವು ಕೊಟ್ಟ ಡಿಪಾಜಿಟ್ 15,000 ರೂಪಾಯಿ, ಅದರಲ್ಲಿ ಬರೆದದ್ದು 10,000. ಅಜ್ಜಿಯೇ "ಇಲ್ಲ, ಹದಿನೈದು" ಅಂತ ತಿದ್ದಿಸಿದರು. ಬೇಕಂತ ಮಾಡಿದ್ದಲ್ಲ, ಟೈಪ್ ಮಾಡುವಾಗ ಆದ ತಪ್ಪು. ಆದರೆ ಓದದೆ ಒತ್ತಿದ್ದರೆ ಅದೇ ದಾಖಲೆ ಆಗುತ್ತಿತ್ತು.

ಮುಂದೆ ಯಂತ್ರ ಅಪ್ಪನ ಹೆಬ್ಬಟ್ಟನ್ನು ನಾಲ್ಕು ಸಲ ಹಿಡಿಯಲಿಲ್ಲ. ಇಪ್ಪತ್ತು ವರ್ಷ ಕೋಯತಾ ಹಿಡಿದು ಕಬ್ಬು ಕಡಿದ ಕೈ, ಗೆರೆ ಸವೆದು ಹೋಗ್ಯಾವ. ತೊಳೆದು ಒರೆಸಿ, ಕಡೆಗೆ ಬೇರೆ ಬೆರಳು ಇಟ್ಟಾಗ ಹಿಡಿಯಿತು. "ಮುಕಾದಮನ ಉಚಲ್ ಚೀಟಿಗೆ ಒಂದೇ ಸಲಕ್ಕ ಮೂಡತಿತ್ತು. ಅದರಾಗ ಏನ್ ಬರದಾರ ಅಂತ ಯಾರೂ ಓದಿ ಹೇಳಲಿಲ್ಲ" ಅಂದ ಅಪ್ಪ. ಆ ಮಾತಿನಿಂದಲೇ ನನಗೆ ಈ ಹೆಬ್ಬಟ್ಟಿನ ಕಥೆ ಹುಡುಕಬೇಕು ಅನಿಸಿತು.

ಕರಾರಿನ ಮೇಲೆ ಕೈ ಗುರುತು ತೆಗೆದುಕೊಂಡ ಪ್ರಸಿದ್ಧ ಉದಾಹರಣೆ ನಮ್ಮ ದೇಶದ್ದೇ. 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ವಿಲಿಯಂ ಹರ್ಷಲ್ ಎಂಬ ಇಂಗ್ಲಿಷ್ ಅಧಿಕಾರಿ ರಸ್ತೆ ಸಾಮಾನು ಪೂರೈಸುವ ಕರಾರಿನ ಮೇಲೆ ರಾಜ್ಯಧರ ಕೋನಾಯಿ ಎಂಬವನ ಇಡೀ ಅಂಗೈ ಒತ್ತಿಸಿಕೊಂಡ. ನಾಳೆ "ಇದು ನನ್ನ ಸಹಿ ಅಲ್ಲ" ಅನ್ನದಂತೆ ಅವನನ್ನು ಹೆದರಿಸುವುದೇ ಉದ್ದೇಶ. 1877ರಲ್ಲಿ ಅದೇ ಹರ್ಷಲ್ ಹೂಗ್ಲಿಯಲ್ಲಿ ದಸ್ತಾವೇಜು ನೋಂದಣಿ, ಪಿಂಚಣಿ, ಜೇಲು ಮೂರಕ್ಕೂ ಬೆರಳಚ್ಚು ತಂದ. 1897ರಲ್ಲಿ ಕಲಕತ್ತೆಯಲ್ಲಿ ಬೆರಳಚ್ಚು ಕಚೇರಿ ಆಯಿತು. ಬೆರಳಚ್ಚು ವಿಂಗಡಿಸುವ ಪದ್ಧತಿಗೆ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್, ಹೆಸರು ಬಂದದ್ದು ಸಾಹೇಬ ಹೆನ್ರಿಗೆ. ಅಂದರೆ ಹೆಬ್ಬಟ್ಟು ಒತ್ತುವವನ ರಕ್ಷಣೆಗೆ ಬಂದದ್ದಲ್ಲ, ಒತ್ತಿಸಿಕೊಳ್ಳುವವನ ಭರವಸೆಗೆ ಬಂದದ್ದು.

ಇನ್ನು ಭಾಡಿಗಿ ಮನಿ. ಊರಾಗ ನಮ್ಮ ಹಿರಿಯರಿಗೆ ಆ ಮಾತೇ ಇರಲಿಲ್ಲ. ಮಹಾರವಾಡಾ, ಮಾಂಗವಾಡಾ ಅಂತ ಇರುವ ಜಾಗ ಹುಟ್ಟುವ ಮೊದಲೇ ಗೊತ್ತಾಗಿತ್ತು, ಮಹಾರರಿಗೆ ವತನದ ಚಾಕರಿಯೂ ಗೊತ್ತಾಗಿತ್ತು. 1928ರಲ್ಲಿ ಬಾಬಾಸಾಹೇಬರು ಮುಂಬಯಿ ಕಾಯದೆ ಮಂಡಳಿಯಲ್ಲಿ ವತನ ತಿದ್ದುಪಡಿ ಮಸೂದೆ ತಂದರು. ನಮ್ಮ ಜತ್ತ ಆಗ ಡಫಳೆಯವರ ಸಂಸ್ಥಾನ, 1948ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. ವತನ ಕಾನೂನಿನಿಂದ ಹೋದದ್ದು 1958ರ ಕಾಯದೆಯಿಂದ. ಗೊತ್ತು ಮಾಡಿಟ್ಟ ಜಾಗ ಬಿಟ್ಟು ಪಟ್ಟಣಕ್ಕೆ ಹೊರಟಾಗಲೇ ಭಾಡಿಗಿ ಮನಿಯ ಪ್ರಶ್ನೆ ಎದುರಾಯಿತು.

ಆ ಪ್ರಶ್ನೆ ಬಾಬಾಸಾಹೇಬರಿಗೇ ಎದುರಾಗಿತ್ತು. ಅಮೆರಿಕದಲ್ಲಿ ಓದಿ ಬಂದು 1917ರಲ್ಲಿ ಬರೋಡಾ ಸಂಸ್ಥಾನದ ನೌಕರಿಗೆ ಹೋದಾಗ ಇರಲು ಮನೆ ಸಿಗಲಿಲ್ಲ. ಪಾರಸಿ ಹೆಸರು ಹೇಳಿ ಪಾರಸಿಗಳ ಒಂದು ವಸತಿಗೃಹದಲ್ಲಿ ದಿನಕ್ಕೆ ಒಂದೂವರೆ ರೂಪಾಯಿ ಕೊಟ್ಟು ಉಳಿದರು. ಹನ್ನೊಂದನೆಯ ದಿನ ಕೋಲು ಹಿಡಿದ ಹತ್ತು ಹನ್ನೆರಡು ಪಾರಸಿಗಳು ಬಂದು ಸಂಜೆಯೊಳಗೆ ಖಾಲಿ ಮಾಡು ಅಂದರು. ಒಬ್ಬ ಹಿಂದೂ, ಒಬ್ಬ ಕ್ರೈಸ್ತ ಗೆಳೆಯನನ್ನು ಕೇಳಿದರೂ ಆಸರೆ ಸಿಗಲಿಲ್ಲ. ರಾತ್ರಿಯ ಮುಂಬಯಿ ಗಾಡಿಯ ತನಕ ಕಾಮಾಠಿ ಬಾಗಿನಲ್ಲಿ ಕೂತರು. 'ವೇಟಿಂಗ್ ಫಾರ್ ಎ ವೀಸಾ' ಬರಹದಲ್ಲಿ ಇದನ್ನೆಲ್ಲ ಅವರೇ ಹೇಳಿದ್ದಾರೆ.

ಈಗ ನಮ್ಮ ಕೈಯಲ್ಲಿ ಕಾನೂನು ಇದೆ. ಇದು ಬಹಳ ಮಂದಿಗೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತೇನೆ. ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಓಣಿಯಲ್ಲಿ ಮನೆ ಕಟ್ಟದಂತೆ, ಪಡೆಯದಂತೆ, ವಾಸ ಮಾಡದಂತೆ ತಡೆಯುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯದೆಯ 4ನೇ ಕಲಮಿನ ಪ್ರಕಾರ ಗುನ್ಹೆ. ಮಹಾರಾಷ್ಟ್ರದ ಬಾಡಿಗೆ ನಿಯಂತ್ರಣ ಕಾಯದೆ 2000ದ ಮಾರ್ಚ್ 31ರಿಂದ ಜಾರಿಗೆ ಬಂತು. ಅದರ 55ನೇ ಕಲಮಿನಂತೆ ಕರಾರು ಬರವಣಿಗೆಯಲ್ಲಿ ಇರಬೇಕು, ನೋಂದಣಿ ಆಗಬೇಕು. ನೋಂದಣಿ ಮಾಡಿಸುವ ಹೊಣೆ ಮಾಲಕರದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ, ಇಲ್ಲ 5,000 ರೂಪಾಯಿವರೆಗೆ ದಂಡ, ಇಲ್ಲ ಎರಡೂ. ನೋಂದಣಿ ಆಗದ ಕರಾರಿನ ಬಗ್ಗೆ ತಕರಾರು ಬಂದರೆ, ಬೇರೆ ಸಾಬೀತಾಗುವ ತನಕ ಭಾಡಿಗಿದಾರನ ಮಾತೇ ನಿಲ್ಲುತ್ತದೆ.

ಅದೇ 2000ದ ಮಾಹಿತಿ ತಂತ್ರಜ್ಞಾನ ಕಾಯದೆ ಕಂಪ್ಯೂಟರ್ ಸಹಿಗೆ ಕಾಗದದ ಸಹಿಯಷ್ಟೇ ಬೆಲೆ ಕೊಟ್ಟಿತು. ಹೀಗಾಗಿ ಮಹಾರಾಷ್ಟ್ರದ ನೋಂದಣಿ ಇಲಾಖೆಯ ಜಾಲತಾಣದಲ್ಲಿ ಮನೆಯಲ್ಲೇ ಕೂತು ಕರಾರು ಮಾಡಬಹುದು. ವಿವರ ತುಂಬಿ, ಫೋಟೋ ಮತ್ತು ಬೆರಳಚ್ಚು ಕೊಟ್ಟರೆ ಅದು ಆಧಾರ್ ಜೊತೆ ಹೊಂದುತ್ತದೆ. ಸ್ಟ್ಯಾಂಪ್ ಶುಲ್ಕ ಶೇ. 0.25, ಅಂದರೆ ನೂರಕ್ಕೆ ನಾಲ್ಕಾಣೆ. ನೋಂದಣಿ ಶುಲ್ಕ ಬೇರೆ. ಕಡೆಗೆ ದುಯ್ಯಂ ನಿಬಂಧಕರು ತಮ್ಮ ಡಿಜಿಟಲ್ ಸಹಿ ಹಾಕುತ್ತಾರೆ.

ಈ ಕರಾರಿನ ಅರ್ಜಿಯಲ್ಲಿ ಹೆಸರು, ವಯಸ್ಸು, ವಿಳಾಸ, ಆಧಾರ್ ಎಲ್ಲ ಕೇಳಿದರು. ಜಾತಿ ಕೇಳುವ ಖಾನೆ ನಾನು ಕಾಣಲಿಲ್ಲ. ಆದರೆ ಆ ಪ್ರಶ್ನೆಯನ್ನು ಲ್ಯಾಪ್‌ಟಾಪ್ ತೆರೆಯುವ ಮೊದಲೇ, ಹೊಸ್ತಿಲ ಮೇಲೆ ಕೇಳಿ ಮುಗಿಸಿರುತ್ತಾರೆ. ಪಾವಣ್ಯಾರು ಬರ್ತಾರ ಅನ್ನುವ ನೆವಕ್ಕೆ ಸಾಕ್ಷಿ ಎಲ್ಲಿಂದ ತರುವುದು? 1917ರಲ್ಲಿ ಕೋಲು ಹಿಡಿದು ಬಂದಿದ್ದರು, ನಮಗೆ ಬರೀ ಫೋನ್ ಎತ್ತಲಿಲ್ಲ.

ನಮ್ಮ ಊರಿನ ಹುಡುಗರು ಓದಲು, ದುಡಿಯಲು ಸಾಂಗಲಿ, ಪುಣೆ ಅಂತ ಹೋಗುತ್ತಲೇ ಇರುತ್ತಾರೆ. ಅವರಿಗೆ ನನ್ನದೊಂದು ವಿನಂತಿ. ಬೆರಳು ಇಡುವ ಮೊದಲು ಕರಡು ಕೇಳಿರಿ. ಹೆಸರು, ಭಾಡಿಗಿ, ಡಿಪಾಜಿಟ್, ಎಷ್ಟು ತಿಂಗಳು, ಬಿಡುವಾಗ ಎಷ್ಟು ದಿನದ ನೋಟಿಸು, ಇವಿಷ್ಟು ಓದಿರಿ. ನೋಂದಣಿ ಆದ ಕರಾರಿನ ಪ್ರತಿ ಇಟ್ಟುಕೊಳ್ಳಿರಿ. ಮರಾಠಿ ತಿಳಿಯದಿದ್ದರೆ ಮೊಬೈಲಿಗೆ ಕಳಿಸಿರಿ. ರವಿವಾರ ಸಂಜೆ ಮಂಡಳದ ವಾಚನಾಲಯದಲ್ಲಿ ನಾನು ಇರುತ್ತೇನೆ, ಕೂಡಿ ಓದೋಣ. ಮುಕಾದಮರ ಚೀಟಿ ಇದ್ದರೂ ತರ್ರಿ.

ನಮ್ಮ ಕರಾರಿನ ಪ್ರತಿಯನ್ನು ಅಪ್ಪ ಪ್ಲಾಸ್ಟಿಕ್ ಚೀಲದಾಗ ಸುತ್ತಿ ಟ್ರಂಕಿನಲ್ಲಿ ಇಟ್ಟಾನ. ಮೊನ್ನೆ ತೆಗೆದು, "ಇನ್ನೊಮ್ಮೆ ಓದು, ಕೇಳೂಣು" ಅಂದ.

ಜೈಭೀಮ್.