ಆಲ್ ಇನ್ ದ ಫ್ಯಾಮಿಲಿ

ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1971ರಿಂದ 1979ರವರೆಗೆ ಪ್ರಸಾರವಾದ ಹಾಸ್ಯ ಧಾರಾವಾಹಿ. ಬ್ರಿಟನ್ನಿನ ‘ಟಿಲ್ ಡೆತ್ ಅಸ್ ಡು ಪಾರ್ಟ್’ ಆಧರಿಸಿ ಇದನ್ನು ರೂಪಿಸಿದವರು ನಾರ್ಮನ್ ಲಿಯರ್. ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ವಾಸಿಸುವ ಪ್ರೊಟೆಸ್ಟಂಟ್ ಮಾವ ಆರ್ಚಿ ಬಂಕರ್ (ಕ್ಯಾರಲ್ ಓಕಾನರ್) ಮತ್ತು ಪೋಲಿಷ್ ಕ್ಯಾಥೊಲಿಕ್ ಮೂಲದ ನಾಸ್ತಿಕ ಅಳಿಯ ಮೈಕ್ (ರಾಬ್ ರೈನರ್) ನಡುವಿನ ಜಟಾಪಟಿಯೇ ಕಥೆಯ ಜೀವಾಳ. ಮೈಕ್ ಮೊದಲು ಮನೆಯಳಿಯ, ಆಮೇಲೆ ಪಕ್ಕದ ಮನೆಯವನು.

ಮೊದಲ ಕಂತಿನಲ್ಲೇ ಆರ್ಚಿ ಪ್ರವಚನ ಹಿಡಿಸದೆ ಚರ್ಚಿನಿಂದ ಅರ್ಧಕ್ಕೇ ಎದ್ದುಬರುತ್ತಾನೆ. ಮನೆಯಲ್ಲಿ ಮಾತ್ರ ದೇವರ ಪರ ಗಂಟಲು ಹರಿದುಕೊಳ್ಳುತ್ತಾನೆ. ಈ ಇಬ್ಬಂದಿತನವೇ ಪಾತ್ರವನ್ನು ನಗೆಪಾಟಲಿನಿಂದ ಮೇಲೆತ್ತಿದ್ದು ಎನ್ನಬೇಕು. ಮಗಳ ಮದುವೆಯನ್ನು ಪಾದ್ರಿ ಮಾಡಿಸಬೇಕೋ ಪಾಸ್ಟರೋ ಎಂಬ ರಂಪಾಟವೂ ಒಂದು ಕಥೆಯಾಯಿತು. 1976ರ ಕಂತಿನಲ್ಲಿ ಮೊಮ್ಮಗ ಜೋಯಿಗೆ ದೀಕ್ಷಾಸ್ನಾನ ಬೇಡವೆಂದು ಹೆತ್ತವರು ಪಟ್ಟು ಹಿಡಿಯುತ್ತಾರೆ. ಆರ್ಚಿ ಕೂಸನ್ನು ಕದ್ದೊಯ್ಯುತ್ತಾನೆ, ಪಾಸ್ಟರ್ ಒಲ್ಲೆ ಎಂದಾಗ ತಾನೇ ಚರ್ಚಿನ ನೀರು ಚಿಮುಕಿಸುತ್ತಾನೆ. ಜವುಳ, ಲಿಂಗಧಾರಣೆಗಳ ವಿಷಯದಲ್ಲಿ ಅಜ್ಜ-ಅಜ್ಜಿಯರ ಹಟ ಕಂಡ ನಮ್ಮ ಮನೆಗಳಿಗೆ ಇದು ಹೊಸದೇನಲ್ಲ. ಆದರೂ ‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ಯಂಥ ಕನ್ನಡ ಧಾರಾವಾಹಿಗಳ ನಗೆ ಹೆಚ್ಚಾಗಿ ಸಂಸಾರದ ಫಜೀತಿಗಳ ಸುತ್ತಲೇ ತಿರುಗಿತು.

1977ರ ಡಿಸೆಂಬರ್ ಕಂತುಗಳಲ್ಲಿ ಸ್ತ್ರೀವೇಷದ ಕಲಾವಿದ, ಮನೆಯ ಆಪ್ತ ಬೆವರ್ಲಿ ಕೊಲೆಯಾದಾಗ ನಂಬಿಕೆ ಕಳೆದುಕೊಳ್ಳುವವಳು ಆರ್ಚಿಯ ದೈವಭಕ್ತ ಹೆಂಡತಿ ಈಡಿತ್ (ಜೀನ್ ಸ್ಟೇಪಲ್‌ಟನ್). ಅವಳನ್ನು ಸಂತೈಸಿ ಮತ್ತೆ ಊಟದ ಮೇಜಿಗೆ ಕರೆತರುವವನು ನಾಸ್ತಿಕ ಅಳಿಯ.