ಕುರ್ಚಿ ಬರುವ ಮುಂಚಿನ ಕೋಣೆ

ಒಟ್ಟೊಮನ್ ಕಾಲದ ಬಣ್ಣದ ಮರಗೆಲಸ ಇಂದು ಹರಾಜುಗಳಲ್ಲೂ ಮ್ಯೂಸಿಯಂಗಳಲ್ಲೂ ಬಿಡಿಬಿಡಿಯಾಗಿ ಸಿಗುತ್ತದೆ: ಹೂ ಬರೆದ ಸಂದೂಕ, ಒಂದು ಜೊತೆ ಬೀರು ಬಾಗಿಲು, ಗೋಡೆಗೆ ಹೊಡೆಯುವ ಪುಟ್ಟ ಹಲಗೆ. ಎಲ್ಲಕ್ಕೂ ಪೀಠೋಪಕರಣ ಎಂಬ ಒಂದೇ ಚೀಟಿ. ಚೀಟಿ ಬರೆದವರನ್ನು ದೂರುವಂತಿಲ್ಲ, ಬೇರೆ ಏನೆಂದು ಬರೆದಾರು? ಆದರೂ ಅದು ನೋಡುವವರ ದಾರಿ ತಪ್ಪಿಸುತ್ತದೆ. ಈ ಮರಗೆಲಸದ ಬಹುಪಾಲು ಕೋಣೆಯೊಳಗೆ ತಂದಿಟ್ಟ ಸಾಮಾನಾಗಿರಲಿಲ್ಲ, ಕೋಣೆಯ ಮೈಯೇ ಆಗಿತ್ತು. ಇದನ್ನು ಒಪ್ಪಿಕೊಂಡರೆ ಈ ಕಲೆ ಏಕೆ ಸೊರಗಿತು ಎಂಬ ಪ್ರಶ್ನೆಗೂ ಬೇರೆ ಉತ್ತರ ಸಿಗುತ್ತದೆ. ಯುರೋಪಿನ ಹೂಬಳ್ಳಿ, ಸುರುಳಿಗಳು ಬಂದು ದೇಸಿ ಅಭಿರುಚಿ ಕೆಟ್ಟಿತು ಎಂದು ಹೇಳುವವರಿದ್ದಾರೆ. ನನಗೆ ಕಾಣುವಂತೆ ಈ ಕಲೆಯ ಕಾಲಡಿಯ ನೆಲವನ್ನು ಎಳೆದುಕೊಂಡದ್ದು ಯುರೋಪಿನ ಕುರ್ಚಿ.

ಹದಿನೆಂಟನೆಯ ಶತಮಾನದ ಅನುಕೂಲಸ್ಥರ ಮನೆಯಲ್ಲಿ ಕೋಣೆಯ ನಡುವೆ ಇರುತ್ತಿದ್ದದ್ದು ಜಮಖಾನ ಮಾತ್ರ. ಗೋಡೆಗಳಿಗೆ ಅಂಟಿಕೊಂಡು, ನಮ್ಮ ಜಗಲಿಯ ಹಾಗೆ, ತಗ್ಗಿನ ದಿವಾನ. ಅದರ ಮೇಲೆ ಮೆತ್ತೆ, ಒರಗುದಿಂಬು. ಊಟದ ಹೊತ್ತಿಗೆ ಗಿಡ್ಡ ಮಣೆಯ ಮೇಲೆ ಅಗಲವಾದ ತಾಮ್ರದ ಹರಿವಾಣ ಬಂದು ಕೂರುತ್ತಿತ್ತು, ಉಂಡಾದ ಮೇಲೆ ಎದ್ದು ಹೋಗುತ್ತಿತ್ತು. ರಾತ್ರಿ ಅಲ್ಲೇ ಹಾಸಿಗೆ ಬಿಚ್ಚುತ್ತಿದ್ದರು. ಬೆಳಗ್ಗೆ ಅದನ್ನು ಸುತ್ತಿ ಗೋಡೆಯೊಳಗಿನ ಆಳವಾದ ಬೀರುವಿಗೆ ಸೇರಿಸುತ್ತಿದ್ದರು; ಆ ಬೀರುವಿಗೆ ಯುಕ್ಲುಕ್ ಎಂದು ಹೆಸರು. ಹೀಗೆ ಒಂದೇ ಕೋಣೆ ಪಡಸಾಲೆ, ಊಟದ ಮನೆ, ಮಲಗುವ ಮನೆ ಮೂರೂ ಆಗುತ್ತಿತ್ತು. ಬಡಗಿಗೂ ಬಣ್ಣ ಬರೆಯುವವನಿಗೂ ಉಳಿಯುತ್ತಿದ್ದದ್ದು ಗೋಡೆ, ಬಾಗಿಲು, ಛಾವಣಿ. ದಿವಾನದ ಮೇಲೆ ಕುಳಿತವರಿಗೆ ಎದುರು ಗೋಡೆ ಬುಡದಿಂದ ತುದಿಯವರೆಗೆ, ನಡುವೆ ಏನೂ ಅಡ್ಡ ಬಾರದೆ ಕಾಣುತ್ತಿತ್ತು. 1717ರಲ್ಲಿ ಎಡಿರ್ನೆಯಲ್ಲಿ ತಂಗಿದ್ದ ಬ್ರಿಟಿಷ್ ರಾಯಭಾರಿಯ ಹೆಂಡತಿ ಲೇಡಿ ಮೇರಿ ಮಾಂಟಗ್ಯು ತನ್ನ ಪತ್ರದಲ್ಲಿ ಇಂಥ ಹೂ ಬರೆದ ಮರದ ಗೋಡೆಗಳನ್ನು ವರ್ಣಿಸಿದ್ದಾಳೆ. ಅವು ಅಲ್ಲಲ್ಲಿ ಬಾಗಿಲಾಗಿ ತೆರೆದುಕೊಂಡು ಕಪಾಟಿನ ಕೆಲಸ ಮಾಡುವುದು ಅವಳಿಗೆ ಮೆಚ್ಚುಗೆಯಾಗಿತ್ತು. ಮರದ ಮೇಲಿನ ಈ ಹೂಗೆಲಸಕ್ಕೆ ಎಡಿರ್ನೆಕಾರಿ ಎಂಬ ಹೆಸರು ಬಂದದ್ದೂ ಅದೇ ಊರಿನಿಂದ.

ಉಳಿದಿರುವ ಕೋಣೆಗಳೂ ಇದನ್ನೇ ಹೇಳುತ್ತವೆ. ಟೋಪ್ಕಾಪಿ ಅರಮನೆಯಲ್ಲಿ ಮೂರನೆಯ ಅಹ್ಮದ್ 1705ರ ಸುಮಾರಿಗೆ ಮಾಡಿಸಿದ ಹಣ್ಣಿನ ಕೋಣೆಯ ಗೋಡೆ ತುಂಬ ಹೂದಾನಿಗಳು, ಹಣ್ಣಿನ ಬಟ್ಟಲುಗಳು. ಬಾಸ್ಫರಸ್ ದಂಡೆಯ ಮೇಲೆ 1699ರಲ್ಲಿ ಕಟ್ಟಿದ ಅಮ್ಜಾಜಾದೆ ಹುಸೇನ್ ಪಾಷಾನ ಮರದ ಮನೆಯಲ್ಲೂ ಹೂದಾನಿಗಳದ್ದೇ ಸಾಲು. ಡಮಾಸ್ಕಸ್ಸಿನ ಕೆಲಸ ಇನ್ನೂ ಗಹನ. ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿರುವ, 1707ರ ತಾರೀಕು ಹೊತ್ತ ಕೋಣೆಯನ್ನೇ ನೋಡಿ. ಅಲ್ಲಿಯ ಕುಶಲಿಗಳು ಜಿಪ್ಸಮ್ಮಿಗೆ ಅಂಟು ಬೆರೆಸಿದ ಸರಿಯನ್ನು ಹಲಗೆಯ ಮೇಲೆ ಎಳೆ ಎಳೆಯಾಗಿ ಉಬ್ಬಿಸಿದ್ದಾರೆ. ಒಣಗಿದ ಮೇಲೆ ಕೆಲವು ಕಡೆ ತವರದ ಹಾಳೆ, ಕೆಲವು ಕಡೆ ಚಿನ್ನದ ಹಾಳೆ ಹಚ್ಚಿ, ತವರದ ಮೇಲೆ ಪಾರದರ್ಶಕ ಬಣ್ಣ ಎಳೆದಿದ್ದಾರೆ. ಒಂದು ಕಡೆ ಹೊಳಪು, ಪಕ್ಕದಲ್ಲೇ ಮಂಕು. ದೀಪ ಅಲುಗಿದರೆ, ಕೂತವರು ತಲೆ ತಿರುಗಿಸಿದರೆ ಗೋಡೆಯೂ ಬದಲಾಗುತ್ತದೆ. ನಂತರದವರು ಮೇಲೆ ಮೇಲೆ ಬಳಿದ ವಾರ್ನಿಷ್ ಕಪ್ಪಾಗಿ, ಈ ಕೋಣೆಗಳೆಂದರೆ ಕಂದು ಬಣ್ಣದ ಗಂಭೀರ ಕೋಣೆಗಳು ಎಂಬ ಭ್ರಮೆ ಹುಟ್ಟಿಸಿದೆ. ಅಡಿಯಲ್ಲಿರುವುದು ಗಾಢವಾದ, ಸ್ವಲ್ಪ ಅಬ್ಬರದ್ದೇ ಎನ್ನಬಹುದಾದ ಬಣ್ಣ.

ಕೋಣೆ ಹೀಗೆ ಗೋಡೆಯನ್ನೇ ನೆಚ್ಚಿದ್ದಕ್ಕೆ ಸಲೀಸಾದ ಒಂದು ವಿವರಣೆಯಿದೆ. ತುರ್ಕರು ಮೂಲತಃ ಗುಡಾರದ ಜನ, ಕಟ್ಟಿಕೊಂಡು ಹೊರಡುವವರಿಗೆ ಮೇಜು ಮಂಚ ಯಾಕೆ ಎಂಬುದು. ಇದು ಅರ್ಧ ಮಾತ್ರ ನಿಜ. ಬರ್ಲಿನ್ನಿನಲ್ಲಿರುವ ಅಲೆಪ್ಪೊ ಕೋಣೆಯನ್ನು 1600ರಿಂದ 1603ರ ನಡುವೆ ಮಾಡಿಸಿದವನು ಈಸಾ ಬಿನ್ ಬುತ್ರುಸ್ ಎಂಬ ಕ್ರೈಸ್ತ ವ್ಯಾಪಾರಿ. ಕೆಂಪು ನೆಲದ ಆ ಹಲಗೆಗಳ ಮೇಲೆ ಮಗುವನ್ನೆತ್ತಿದ ಮೇರಿ ಇದ್ದಾಳೆ, ಲೈಲಾ ಮಜ್ನೂ ಇದ್ದಾರೆ, ಅರಬ್ಬಿಯಲ್ಲಿ ಬರೆದ ಬೈಬಲ್ಲಿನ ಕೀರ್ತನೆಗಳೂ ಇವೆ. ಸಾವಿರಾರು ವರ್ಷ ಹಳೆಯ ಪೇಟೆಯ ಈ ವ್ಯಾಪಾರಿಗೆ ಗುಡಾರದ ನೆನಪು ಎಲ್ಲಿಂದ ಬರಬೇಕು? ಅವನ ಕೋಣೆಯೂ ಗೋಡೆಯನ್ನೇ ನೆಚ್ಚಿತ್ತು ಎಂದರೆ, ಕಾರಣವನ್ನು ಕುಲದಲ್ಲಿ ಹುಡುಕುವ ಬದಲು ಕೂರುವ ರೀತಿಯಲ್ಲಿ ಹುಡುಕಬೇಕು.

ಹಾಗಾದರೆ ಎತ್ತಿಕೊಂಡು ಹೋಗಬಹುದಾದ ಸಂದೂಕಗಳು, ಪುಸ್ತಕ ಪೀಠಗಳು, ಪೇಟ ಇಡುವ ಹಲಗೆಗಳು? ಇದು ಗಟ್ಟಿಯಾದ ಆಕ್ಷೇಪ. ಸಂದೂಕ ಮದುಮಗಳ ಜೊತೆ ಮನೆಯಿಂದ ಮನೆಗೆ ಹೋಗುತ್ತಿತ್ತು, ಅದನ್ನು ಗೋಡೆ ಎನ್ನಲಾಗದು. ಅಷ್ಟರ ಮಟ್ಟಿಗೆ ನನ್ನ ವಾದಕ್ಕೆ ಮಿತಿಯಿದೆ. ಆದರೆ ಪೇಟದ ಹಲಗೆಯ ಕಥೆ ನನ್ನ ಪರವಾಗಿದೆ. ಕವುಕ್ಲುಕ್ ಎಂದು ಕರೆಯುವ ಇದು ಗೋಡೆಗೆ ಹೊಂದಿಸಿದ ಕೆತ್ತನೆಯ ಬೆನ್ನುಹಲಗೆ, ಅದರಿಂದ ಮುಂಚಾಚಿದ ಸಣ್ಣ ತಟ್ಟು. ಎತ್ತರದ ಪೇಟವನ್ನು ಬಿಚ್ಚದೆ, ಆಕಾರ ಕೆಡದಂತೆ ರಾತ್ರಿ ಅದರ ಮೇಲಿಡುತ್ತಿದ್ದರು. 1829ರಲ್ಲಿ ಎರಡನೆಯ ಮಹಮೂದ್ ಉಡುಪಿನ ಕಾನೂನು ತಂದು ಸರ್ಕಾರಿ ನೌಕರರಿಗೆ ಫೆಜ್ ಟೋಪಿ ಕಡ್ಡಾಯ ಮಾಡಿದ. ಪೇಟ ಉಳಿದದ್ದು ಮುಖ್ಯವಾಗಿ ಧರ್ಮಪಂಡಿತರಿಗೆ. ಅಲ್ಲಿಂದ ಮುಂದೆ ನೌಕರರ ಮನೆಗಳಲ್ಲಿ ಆ ತಟ್ಟಿಗೆ ಕೆಲಸವೇ ಇಲ್ಲ. ಹೂ ಬರೆಯುವ ಕೈ ಸೋತಿರಲಿಲ್ಲ, ಬರೆಸುವ ಅಗತ್ಯ ಹೋಗಿತ್ತು.

ಯುರೋಪಿನ ಮಾದರಿಗಳ ವಿಷಯವೂ ಹೀಗೆಯೇ. ನೆರಳು ಬೆಳಕಿನ ಹೂಗುಚ್ಛ, ಬರೋಕ್ ಸುರುಳಿ, ದೂರದ ಊರುಗಳ ದೃಶ್ಯ ಎಲ್ಲವನ್ನೂ ಈ ಚಿತ್ರಕಾರರು ತಕರಾರಿಲ್ಲದೆ ಒಳಗೆ ಬಿಟ್ಟುಕೊಂಡರು. ಬಿರ್ಗಿಯ ಚಾಕಿರಾಗಾ ಮಹಲಿನಲ್ಲಿ ಇಸ್ತಾಂಬುಲ್ ಮತ್ತು ಇಜ್ಮಿರ್ ನಗರಗಳು ಗೋಡೆಯ ಮೇಲೆ ಹರಡಿಕೊಂಡಿವೆ. ವಿದೇಶಿ ನಕ್ಷೆ ಅಷ್ಟು ಸುಲಭವಾಗಿ ಜೀರ್ಣವಾಯಿತು. ಜೀರ್ಣವಾಗದ್ದು ಎತ್ತರದ ಕುರ್ಚಿ, ಮೇಜು, ಕಾಲಿನ ಮಂಚ, ಬಿಡಿ ಕಪಾಟು. ಸುಲ್ತಾನರ ವಾಸವೇ 1856ರಲ್ಲಿ ಟೋಪ್ಕಾಪಿಯಿಂದ ದೋಲ್ಮಾಬಾಚೆಗೆ, ಅಂದರೆ ಕುರ್ಚಿ ಮೇಜುಗಳ ಅರಮನೆಗೆ ಬದಲಾಯಿತು. ಬಿಡಿ ಕಪಾಟು ಬಂದರೆ ಗೋಡೆಯೊಳಗಿನ ಬೀರು ಬೇಡ, ಮಂಚ ಬಂದರೆ ಯುಕ್ಲುಕ್ ಬೇಡ, ಎತ್ತರದ ಸಾಮಾನು ನಿಂತರೆ ಹಿಂದಿನ ಹೂದಾನಿ ಕಾಣದು. ಛಾವಣಿಯ ಚಿತ್ರಗಾರಿಕೆ ಮಾತ್ರ ಹತ್ತೊಂಬತ್ತನೆಯ ಶತಮಾನದ ಉದ್ದಕ್ಕೂ ಸೊಂಪಾಗಿ ನಡೆಯಿತು, ಅದಕ್ಕೆ ಯಾವ ಕುರ್ಚಿಯೂ ಅಡ್ಡ ಬರುತ್ತಿರಲಿಲ್ಲ. ಕೆಲಸ ತಪ್ಪಿದ ಗೋಡೆಗಳನ್ನು ಕಳಚಬಹುದಾಗಿತ್ತು, ಮಾರಬಹುದಾಗಿತ್ತು. ಈಸಾ ಬಿನ್ ಬುತ್ರುಸನ ಹಲಗೆಗಳು 1912ರಲ್ಲಿ ಬರ್ಲಿನ್ನಿಗೆ ಮಾರಾಟವಾದದ್ದು ಹಾಗೆ.