ಮಂಗಳಕ್ಕೆ ಹೋಗಬಹುದು, ಉಸಿರಾಡುವುದು ಹೇಗೆ?

1952ರಲ್ಲಿ ರಾಕೆಟ್ ತಜ್ಞ ವರ್ನರ್ ಫಾನ್ ಬ್ರೌನ್ ಅವರ ‘ದಸ್ ಮಾರ್ಸ್‌ಪ್ರೊಜೆಕ್ಟ್’ ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಹತ್ತು ನೌಕೆ, 70 ಜನ, ಬೇಕಾದ ಇಂಧನ ಎಲ್ಲಕ್ಕೂ ಅದರಲ್ಲಿ ಲೆಕ್ಕವಿತ್ತು. ಕತೆಗಾರರ ಸೊತ್ತಾಗಿದ್ದ ಮಂಗಳಯಾತ್ರೆ ಎಂಜಿನಿಯರರ ಮೇಜಿಗೆ ಬಂತು. ರೆಕ್ಕೆಯಿರುವ ವಾಹನದಲ್ಲಿ ತೇಲುತ್ತ ಅಲ್ಲಿ ಇಳಿಯಬಹುದೆಂಬುದು ಅವರ ಎಣಿಕೆ.

ಆ ಎಣಿಕೆ ಉಳಿದದ್ದು 1965ರ ಜುಲೈವರೆಗೆ ಮಾತ್ರ. ಮಂಗಳದ ಪಕ್ಕದಲ್ಲೇ ಹಾದುಹೋದ ಮ್ಯಾರಿನರ್-4 ಕಳಿಸಿದ ಚಿತ್ರಗಳಲ್ಲಿ ಕಂಡದ್ದು ಕುಳಿಗಳು ತುಂಬಿದ ಬರಡು ನೆಲ. ಗಾಳಿಯ ಒತ್ತಡ ಭೂಮಿಯದರ ನೂರನೇ ಒಂದು ಪಾಲೂ ಇರಲಿಲ್ಲ. ಇಷ್ಟು ತೆಳು ಗಾಳಿಯಲ್ಲಿ ಭಾರವಾದ ನೌಕೆಯ ವೇಗ ತಗ್ಗಿಸುವುದು ಇಂದಿಗೂ ಕಷ್ಟ. 2021ರಲ್ಲಿ ಇಳಿದ ಪರ್ಸಿವಿಯರೆನ್ಸ್ ರೋವರ್‌ನ ತೂಕ ಸುಮಾರು ಒಂದು ಟನ್. ಜನ ಇಳಿಯಬೇಕಾದರೆ ಅದರ ಹಲವು ಪಟ್ಟು ಭಾರ ಇಳಿಸಬೇಕು.

ದೂರದ ತೊಡಕು ಕನ್ನಡಿಗರಿಗೆ ಹತ್ತಿರದಿಂದ ಗೊತ್ತು. 2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಬೆಂಗಳೂರಿನ ಪೀಣ್ಯದ ನಿಯಂತ್ರಣ ಕೇಂದ್ರದಲ್ಲಿ ಕೂತವರಿಗೆ ಮಂಗಳಯಾನದ ಸಂಕೇತ ತಲುಪಲು ಸುಮಾರು ಹನ್ನೆರಡು ನಿಮಿಷ ಹಿಡಿಯುತ್ತಿತ್ತು. ಕಕ್ಷೆ ಸೇರುವ ಆಜ್ಞೆಗಳನ್ನು ನೌಕೆಗೆ ಮೊದಲೇ ತುಂಬಿಡಲಾಗಿತ್ತು. ನಾಳೆ ಮಂಗಳದಲ್ಲಿ ಯಾರಿಗಾದರೂ ಎದೆನೋವು ಬಂದರೆ ಭೂಮಿಯ ಡಾಕ್ಟರ ಮೊದಲ ಮಾತು ಕಿವಿಗೆ ಬೀಳುವಷ್ಟರಲ್ಲಿ ಅರ್ಧ ಗಂಟೆಯೇ ಕಳೆದಿರಬಹುದು. ವಾಪಸ್ ಹೊರಡೋಣವೆಂದರೆ, ಗ್ರಹಗಳ ಜೋಡಣೆ ಅನುಕೂಲವಾಗುವುದು 26 ತಿಂಗಳಿಗೊಮ್ಮೆ.

ದೇಹ ತಾಳೀತೇ? ರಷ್ಯಾದ ವಲೇರಿ ಪೊಲ್ಯಾಕೊವ್ 1994–95ರಲ್ಲಿ ಮಿರ್ ನಿಲ್ದಾಣದಲ್ಲಿ ಸತತ 437 ದಿನ ಇದ್ದು, ಭೂಮಿಗಿಳಿದ ಮೇಲೆ ತಾವೇ ನಡೆದು ತೋರಿಸಿದರು. ವಿಕಿರಣದ ಭಯವಂತೂ ಉಳಿದೇ ಇದೆ.

ಇಷ್ಟಾದರೂ ದೊಡ್ಡ ಪಾಠ ಸಿಕ್ಕಿದ್ದು ಬಾಹ್ಯಾಕಾಶದಲ್ಲಲ್ಲ, ಅಮೆರಿಕದ ಅರಿಜೋನಾದ ಮರುಭೂಮಿಯಲ್ಲಿ. ಸುಮಾರು ಮೂರು ಎಕರೆಯ ಗಾಜಿನ ಮನೆ, ಒಳಗೆ ಪುಟ್ಟ ಕಾಡು, ಪುಟ್ಟ ಸಮುದ್ರ, ಹೊಲ. 1991ರ ಸೆಪ್ಟೆಂಬರ್‌ನಲ್ಲಿ ಎಂಟು ಜನ ಈ ‘ಬಯೋಸ್ಫಿಯರ್-2’ರ ಒಳಹೊಕ್ಕು ಎರಡು ವರ್ಷಕ್ಕೆಂದು ಬಾಗಿಲು ಹಾಕಿಕೊಂಡರು. ತಾವೇ ಬೆಳೆದದ್ದನ್ನು ಉಂಡರು, ಅರೆಹೊಟ್ಟೆಯಲ್ಲಿ ಸೊರಗಿದರು. ಇರುವೆ, ಜಿರಳೆ ಬೇಕಾಬಿಟ್ಟಿ ಹೆಚ್ಚಿದವು. ಗಾಳಿಯಲ್ಲಿನ ಆಮ್ಲಜನಕ ಶೇ. 20.9ರಿಂದ ಮೆಲ್ಲಮೆಲ್ಲನೆ ಶೇ. 14.5ಕ್ಕೆ ಇಳಿದು, ಎತ್ತರದ ಬೆಟ್ಟ ಹತ್ತಿದವರಂತೆ ಏದುಸಿರು ಬಂತು. 1993ರ ಜನವರಿಯಲ್ಲಿ ಹೊರಗಿನಿಂದ ಆಮ್ಲಜನಕ ತುಂಬಬೇಕಾಯಿತು. ಕಾರಣ ಕಾಲಡಿಯಲ್ಲೇ ಇತ್ತು. ಗೊಬ್ಬರ ತುಂಬಿದ ಮಣ್ಣಿನ ಸೂಕ್ಷ್ಮಜೀವಿಗಳು ಆಮ್ಲಜನಕ ಬಳಸಿ ಇಂಗಾಲದ ಡೈಆಕ್ಸೈಡ್ ಬಿಡುತ್ತಿದ್ದವು. ಅದು ಗಿಡಗಳ ಪಾಲಾಗುವ ಬದಲು ಕಾಂಕ್ರೀಟಿನೊಳಗೆ ಸುಣ್ಣದಕಲ್ಲಾಗಿ ಕೂತುಬಿಡುತ್ತಿತ್ತು. ಕಟ್ಟಿದವರಿಗೆ ಇದು ಹೊಳೆದಿರಲಿಲ್ಲ. ಹೊರಗೆ ಅರಿಜೋನಾದ ಗಾಳಿಯಿತ್ತು, ಎಂಟೂ ಜನ ಬದುಕಿಕೊಂಡರು.

ಬೇಕಾದದ್ದನ್ನು ಮಂಗಳದಲ್ಲೇ ತಯಾರಿಸಿಕೊಳ್ಳಿ ಎಂದು 1990ರಲ್ಲೇ ವಾದಿಸಿದವರು ರಾಬರ್ಟ್ ಜುಬ್ರಿನ್ ಮತ್ತು ಡೇವಿಡ್ ಬೇಕರ್. ಮಂಗಳದ ಗಾಳಿಯಿಂದಲೇ ಮರುಪ್ರಯಾಣದ ಇಂಧನ ಮಾಡುವುದು ಅವರ ‘ಮಾರ್ಸ್ ಡೈರೆಕ್ಟ್’ ಯೋಜನೆಯ ತಿರುಳು. ಇಡೀ ಕ್ಷೇತ್ರದಲ್ಲಿ ಅತ್ಯಂತ ಭರವಸೆ ಹುಟ್ಟಿಸುವ ವಿಚಾರ ಇದೇ. 2023ರ ಜೂನ್‌ನಿಂದ 378 ದಿನ ನಾಲ್ವರು ಹ್ಯೂಸ್ಟನ್ನಿನ ನಕಲಿ ಮಂಗಳಮನೆಯಲ್ಲಿ ಬಾಳಿ ಬಂದರು. ಸ್ಟಾರ್‌ಶಿಪ್‌ನಂಥ ದೈತ್ಯ ರಾಕೆಟ್‌ಗಳ ಪರೀಕ್ಷೆ ನಡೆದಿದೆ. ಸಾಗಿಸುವ ಕೆಲಸ ಚುರುಕಾಗಿದೆ, ಬದುಕಿಸುವ ಕೆಲಸ ಹಿಂದೆ ಬಿದ್ದಿದೆ. ಹಣವೂ ತಲೆಯೂ ಈಗ ಹೆಚ್ಚು ಬೇಕಿರುವುದು ಗಾಳಿ, ನೀರು, ಮಣ್ಣಿನ ಸಂಶೋಧನೆಗೆ.

ಮಂಗಳದ ಗಾಳಿಯಿಂದ ಆಮ್ಲಜನಕ ತೆಗೆದ ಯಂತ್ರ ಈವರೆಗೆ ಒಂದೇ: ಪರ್ಸಿವಿಯರೆನ್ಸ್ ಹೊತ್ತೊಯ್ದ ಮಾಕ್ಸಿ. 2021ರಿಂದ 2023ರವರೆಗೆ ಹದಿನಾರು ಸಲ ನಡೆದು ಅದು ಕೊಟ್ಟದ್ದು ಒಟ್ಟು 122 ಗ್ರಾಂ. ಒಬ್ಬ ಮನುಷ್ಯನಿಗೆ ಸುಮಾರು ಮೂರೂವರೆ ಗಂಟೆಯ ಉಸಿರು.